ಕಂಪನದ ಪರಿಭಾಷೆ: ಇಂಗ್ಲಿಷ್–ರಷ್ಯನ್ ಭಾಷಾಂತರದ ಕೆಲವು ಸಮಸ್ಯೆಗಳು

ಶಾಸ್ತ್ರಸಾಹಿತ್ಯದ ಭಾಷಾಂತರವನ್ನು ಕುರಿತು ಚರ್ಚಿಸುವಾಗ, ಪಾರಿಭಾಷಿಕ ಪದಗಳಿಗೆ ಸಮಾನಪದಗಳನ್ನು ಒದಗಿಸುವುದೇ ಮುಖ್ಯ ಸಮಸ್ಯೆಯೆಂದೂ, ಒಮ್ಮೆ ಸಮಾನಪದಗಳ ಪಟ್ಟಿ ಸಿದ್ಧವಾದರೆ ಉಳಿದ ಕಾರ್ಯ ಸುಗಮವಾಗುವುದೆಂದೂ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಕಾವ್ಯದ ಅನುವಾದದಲ್ಲಿ ಧ್ವನಿ, ಲಯ, ಸಂಸ್ಕೃತಿಗಳ ತೊಡಕುಗಳಿರುತ್ತವೆ. ಶಾಸ್ತ್ರದಲ್ಲಿ ಅರ್ಥವು ನಿಶ್ಚಿತವಾದುದರಿಂದ ಅಲ್ಲಿ ಅಂತಹ ತೊಡಕುಗಳಿಲ್ಲ ಎಂಬುದು ಈ ಭಾವನೆಯ ಆಧಾರ. ಆದರೆ ಯಾವುದಾದರೊಂದು ಶಾಸ್ತ್ರದ ಪದಸಂಪತ್ತನ್ನು ಎರಡು ಬೆಳೆದ ಭಾಷೆಗಳಲ್ಲಿ ಹೋಲಿಸಿ ನೋಡಿದಾಗ ಈ ನಂಬಿಕೆ ಉಳಿಯುವುದಿಲ್ಲ. ಪ್ರಸ್ತುತ ಲೇಖನದಲ್ಲಿ ಯಂತ್ರಗಳ ಕಂಪನಕ್ಕೆ ಸಂಬಂಧಿಸಿದ ಇಂಗ್ಲಿಷ್ ಮತ್ತು ರಷ್ಯನ್ ಪದಗಳನ್ನು ಉದಾಹರಣೆಯಾಗಿ ತೆಗೆದುಕೊಂಡು, ಪಾರಿಭಾಷಿಕ ಪದದ ಅರ್ಥವು ಆ ಪದದಲ್ಲಿ ಅಡಗಿರದೆ, ಆ ಪದವು ಸೇರಿರುವ ವ್ಯವಸ್ಥೆಯಲ್ಲಿ ಇರುತ್ತದೆ ಎಂಬುದನ್ನು ತೋರಿಸಲು ಯತ್ನಿಸಲಾಗಿದೆ.

ಈ ಕ್ಷೇತ್ರವನ್ನು ಆರಿಸಿಕೊಂಡಿರುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಇಲ್ಲಿ ಅನುವಾದದ ದೋಷವನ್ನು ಸಂಖ್ಯೆಯಲ್ಲಿ ಅಳೆಯಬಹುದು. ಕವಿತೆಯ ಅನುವಾದ ಸರಿಯೇ ತಪ್ಪೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರಬಹುದು. ಆದರೆ ಟರ್ಬೈನಿನ ಕೈಪಿಡಿಯಲ್ಲಿ ಒಂದು ಪದ ತಪ್ಪಿದರೆ ಅಳತೆ ಎರಡುಪಟ್ಟು ಅಥವಾ ಆರುಪಟ್ಟು ತಪ್ಪುತ್ತದೆ. ಎರಡನೆಯದಾಗಿ, ಈ ವಿಷಯ ನಮ್ಮ ದೇಶಕ್ಕೆ ದೂರದ್ದಲ್ಲ. 1955ರ ಒಪ್ಪಂದದಂತೆ ಸ್ಥಾಪನೆಗೊಂಡ ಭಿಲಾಯಿ ಉಕ್ಕಿನ ಕಾರ್ಖಾನೆ, ನೈವೇಲಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರ, ಹರಿದ್ವಾರದ ಭಾರೀ ವಿದ್ಯುತ್ ಉಪಕರಣಗಳ ಕಾರ್ಖಾನೆ, ಮಿಗ್ ವಿಮಾನಗಳನ್ನು ತಯಾರಿಸಿದ ನಾಸಿಕದ ಕಾರ್ಖಾನೆ, ಇತ್ತೀಚಿನ ಕೂಡಂಕುಳಂ ಅಣುವಿದ್ಯುತ್ ಕೇಂದ್ರ ಇವೆಲ್ಲವೂ ರಷ್ಯನ್ ಮೂಲದ ತಾಂತ್ರಿಕ ಸಾಹಿತ್ಯದೊಂದಿಗೆ ಬಂದವು. ಭಾರತೀಯ ಎಂಜಿನಿಯರರು ಆ ಸಾಹಿತ್ಯವನ್ನು ಬಹುಮಟ್ಟಿಗೆ ಇಂಗ್ಲಿಷ್ ಅನುವಾದದ ಮೂಲಕವೇ ಓದಿದರು. ಕನ್ನಡ ನಾಡಿನ ಹೊರಗೆ ಇಂತಹ ಉದ್ಯಮಗಳಲ್ಲಿ ದುಡಿದ ಕನ್ನಡಿಗರಿಗೂ ಇದು ಪರಿಚಿತವಾದ ಸಂಗತಿಯೇ ಆಗಿದೆ.

ಇಲ್ಲಿ ಬಳಸಿರುವ ಕನ್ನಡ ಪದಗಳ ಬಗ್ಗೆ ಒಂದು ಮಾತು. ಯಾವುದೇ ಪ್ರಮಾಣವು ಒಂದು ಮಧ್ಯಸ್ಥಿತಿಯ ಆಚೀಚೆ ಮರಳಿ ಮರಳಿ ಚಲಿಸುವುದನ್ನು ‘ಆಂದೋಲನ’ ಎಂದೂ, ಯಂತ್ರ ಅಥವಾ ರಚನೆಗಳಲ್ಲಿ ಅದು ಕಾಣಿಸಿಕೊಂಡಾಗ ‘ಕಂಪನ’ ಎಂದೂ ಕರೆಯಲಾಗಿದೆ. ಮಧ್ಯಸ್ಥಿತಿಯಿಂದ ಒಂದು ಕಡೆಗೆ ಆಗುವ ಗರಿಷ್ಠ ಚಲನೆಗೆ ನಮ್ಮ ಪಠ್ಯಪುಸ್ತಕಗಳಲ್ಲಿರುವ ‘ಪಾರ’ ಎಂಬ ಪದವನ್ನೂ, ಒಂದು ಸೆಕೆಂಡಿನಲ್ಲಿ ಆಗುವ ಆವರ್ತನಗಳ ಸಂಖ್ಯೆಗೆ ‘ಆವೃತ್ತಿ’ ಎಂಬ ಪದವನ್ನೂ ಇಟ್ಟುಕೊಳ್ಳಲಾಗಿದೆ.

1. ಎರಡು ಪದಗಳು, ಎರಡು ಗಡಿಗಳು

ಇಂಗ್ಲಿಷಿನಲ್ಲಿ ‘ವೈಬ್ರೇಷನ್’ ಮತ್ತು ‘ಆಸಿಲೇಷನ್’ ಎಂಬ ಎರಡು ಪದಗಳಿವೆ. ರಷ್ಯನ್ನಿನಲ್ಲಿಯೂ ‘ವಿಬ್ರಾತ್ಸಿಯಾ’ ಮತ್ತು ‘ಕೋಲೆಬಾನಿಯೆ’ ಎಂಬ ಎರಡು ಪದಗಳಿವೆ. ಮೊದಲ ನೋಟಕ್ಕೆ ಇವು ಜೋಡಿಗೆ ಜೋಡಿಯಾಗಿ ಸರಿಹೊಂದುವಂತೆ ಕಾಣುತ್ತವೆ. ಪ್ರಮಾಣಗ್ರಂಥಗಳ ವ್ಯಾಖ್ಯೆಗಳೂ ಇದನ್ನೇ ಸೂಚಿಸುತ್ತವೆ. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ ಪದಕೋಶವಾದ ಐಎಸ್‌ಒ 2041 ಕಂಪನವನ್ನು ಸಮತೋಲನಬಿಂದುವಿನ ಸುತ್ತಣ ಯಾಂತ್ರಿಕ ಆಂದೋಲನವೆಂದು ವಿವರಿಸುತ್ತದೆ. ಸೋವಿಯೆತ್ ಕಾಲದ ಮಾನಕವಾದ ಗೋಸ್ತ್ 24346-80 ಕೂಡ ‘ವಿಬ್ರಾತ್ಸಿಯಾ’ವನ್ನು ‘ಕೋಲೆಬಾನಿಯಾ’ದ ಮೂಲಕವೇ ವಿವರಿಸಿ, ಅದನ್ನು ಬಿಂದುವಿನ ಅಥವಾ ಯಾಂತ್ರಿಕ ವ್ಯವಸ್ಥೆಯ ಒಂದು ಬಗೆಯ ಚಲನೆಯೆನ್ನುತ್ತದೆ. ಹೀಗೆ ಎರಡರಲ್ಲಿಯೂ ಒಂದು ಪದ ಸಾಮಾನ್ಯ, ಇನ್ನೊಂದು ವಿಶೇಷ.

ಆದರೆ ರೂಢಿಯು ವ್ಯಾಖ್ಯೆಯನ್ನು ಅನುಸರಿಸುವುದಿಲ್ಲ. ಇಂಗ್ಲಿಷ್ ಎಂಜಿನಿಯರನು ಸೇತುವೆ, ತಂತಿ, ಷಾಫ್ಟುಗಳ ಆಂದೋಲನವನ್ನು ಗಣಿತದಲ್ಲಿ ಚರ್ಚಿಸುವಾಗಲೂ ‘ವೈಬ್ರೇಷನ್’ ಎಂದೇ ಬರೆಯುತ್ತಾನೆ. ರಷ್ಯನ್ ಗ್ರಂಥಕರ್ತನು ಅದೇ ಗಣಿತವನ್ನು ಬರೆಯುವಾಗ ‘ಕೋಲೆಬಾನಿಯಾ’ ಎಂಬ ಬಹುವಚನವನ್ನು ಬಳಸುತ್ತಾನೆ. ಯಂತ್ರದ ಮೈ ನಡುಗುವುದು, ಅದನ್ನು ಉಪಕರಣದಿಂದ ಅಳೆಯುವುದು, ಅದರಿಂದ ಕಾರ್ಮಿಕನ ಆರೋಗ್ಯಕ್ಕಾಗುವ ಹಾನಿ ಮುಂತಾದ ಕಾರ್ಯಕ್ಷೇತ್ರದ ಸಂಗತಿ ಬಂದಾಗ ‘ವಿಬ್ರಾತ್ಸಿಯಾ’ ಎನ್ನುತ್ತಾನೆ.

‘ಕೋಲೆಬಾನಿಯೆ’ಯ ವ್ಯಾಪ್ತಿ ಶಾಸ್ತ್ರದ ಹೊರಗೂ ವಿಶಾಲವಾಗಿದೆ. ಲೋಲಕದ ತೂಗಾಟ, ವಿದ್ಯುನ್ಮಂಡಲದಲ್ಲಿನ ಪ್ರವಾಹದ ಆಂದೋಲನ, ಉಷ್ಣತೆಯ ಮತ್ತು ಬೆಲೆಗಳ ಏರಿಳಿತ, ನಿರ್ಧಾರ ತೆಗೆದುಕೊಳ್ಳಲಾರದ ಮನಸ್ಸಿನ ಸಂಶಯ ಇವೆಲ್ಲಕ್ಕೂ ಆ ಒಂದೇ ಪದ ಸಲ್ಲುತ್ತದೆ. ಇಂಗ್ಲಿಷಿಗೆ ಬರುವಾಗ ಅದು ಸಂದರ್ಭಕ್ಕೆ ತಕ್ಕಂತೆ ನಾಲ್ಕೈದು ಪದಗಳಾಗಿ ಒಡೆಯಬೇಕಾಗುತ್ತದೆ. ಕನ್ನಡದ ‘ಹೊಯ್ದಾಟ’ವು ದೋಣಿಗೂ ಮನಸ್ಸಿಗೂ ಸಮನಾಗಿ ಸಲ್ಲುವುದನ್ನು ನೆನೆದರೆ ರಷ್ಯನ್ ಪದದ ಸ್ವಭಾವ ನಮಗೆ ಇಂಗ್ಲಿಷ್ ಓದುಗನಿಗಿಂತ ಬೇಗ ಮನದಟ್ಟಾದೀತು.

2. ಗ್ರಂಥಗಳ ಹೆಸರುಗಳು ಹೇಳುವ ಸಾಕ್ಷ್ಯ

ಈ ವ್ಯತ್ಯಾಸಕ್ಕೆ ಪ್ರಸಿದ್ಧ ಗ್ರಂಥಗಳ ಹೆಸರುಗಳೇ ಸಾಕ್ಷಿಯಾಗಿವೆ. ಸ್ಟೀಫನ್ ಟಿಮೊಶೆಂಕೊ 1878ರಲ್ಲಿ ಉಕ್ರೇನಿನಲ್ಲಿ ಹುಟ್ಟಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಓದಿ, 1922ರಲ್ಲಿ ಅಮೆರಿಕಕ್ಕೆ ತೆರಳಿದ ವಿದ್ವಾಂಸರು. ಅವರು 1928ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥದ ಹೆಸರು ‘ವೈಬ್ರೇಷನ್ ಪ್ರಾಬ್ಲೆಮ್ಸ್ ಇನ್ ಎಂಜಿನಿಯರಿಂಗ್’. 1967ರ ರಷ್ಯನ್ ಆವೃತ್ತಿಯಲ್ಲಿ ಅದರ ಹೆಸರು, ಕನ್ನಡದಲ್ಲಿ ಹೇಳುವುದಾದರೆ, ‘ಎಂಜಿನಿಯರಿಂಗ್ ಕಾರ್ಯದಲ್ಲಿ ಆಂದೋಲನಗಳು’, ಅಲ್ಲಿರುವುದು ‘ಕೋಲೆಬಾನಿಯಾ’. ಡೆನ್ ಹಾರ್ಟಾಗರ 1934ರ ‘ಮೆಕ್ಯಾನಿಕಲ್ ವೈಬ್ರೇಷನ್ಸ್’ ರಷ್ಯನ್ನಿಗೆ ಬಂದಾಗಲೂ ‘ಮೆಖನೀಚೆಸ್ಕಿಯೆ ಕೋಲೆಬಾನಿಯಾ’ ಆಯಿತು. ಇದಕ್ಕೆ ಪ್ರತಿಯಾಗಿ, ನೌಕಾಶಾಸ್ತ್ರಜ್ಞ ಅಲೆಕ್ಸೇಯ್ ಕ್ರಿಲೋವರು 1936ರಲ್ಲಿ ಹಡಗುಗಳ ಕಂಪನವನ್ನು ಕುರಿತು ಪ್ರಕಟಿಸಿದ ರಷ್ಯನ್ ಗ್ರಂಥದ ಹೆಸರಿನಲ್ಲಿರುವುದು ‘ವಿಬ್ರಾತ್ಸಿಯಾ’. ಹಡಗಿನ ಒಡಲು ನಡುಗುವ ಪ್ರತ್ಯಕ್ಷ ಸಮಸ್ಯೆಯೇ ಅಲ್ಲಿನ ವಸ್ತುವಾಗಿತ್ತು.

ಇದಕ್ಕಿಂತ ಗಮನಾರ್ಹವಾದುದು ಆಂದ್ರೊನೊವ್, ವಿಟ್ ಮತ್ತು ಖೈಕಿನ್ ರಚಿಸಿದ ‘ತಿಯೋರಿಯಾ ಕೋಲೆಬಾನಿಯ್’ ಎಂಬ ಗ್ರಂಥದ ಚರಿತ್ರೆ. ಅದು ಮಾಸ್ಕೋದಲ್ಲಿ 1937ರಲ್ಲಿ ಪ್ರಕಟವಾಯಿತು. ಅದೇ ವರ್ಷ ಬಂಧನಕ್ಕೊಳಗಾದ ವಿಟ್ 1938ರಲ್ಲಿ ಸೆರೆಯಲ್ಲಿಯೇ ಮರಣಹೊಂದಿದರು. ಅವರ ಹೆಸರು ಮುಖಪುಟದಲ್ಲಿ ಬರಲಿಲ್ಲ. ಲೆಫ್‌ಷೆಟ್ಜರ ಸಂಪಾದಕತ್ವದಲ್ಲಿ ಪ್ರಿನ್ಸ್‌ಟನ್‌ನಿಂದ 1949ರಲ್ಲಿ ಹೊರಬಂದ ಇಂಗ್ಲಿಷ್ ಆವೃತ್ತಿಯಲ್ಲಿ ಎರಡೇ ಹೆಸರುಗಳಿವೆ. ಶೀರ್ಷಿಕೆ ‘ಥಿಯರಿ ಆಫ್ ಆಸಿಲೇಷನ್ಸ್’. 1959ರ ಎರಡನೆಯ ರಷ್ಯನ್ ಆವೃತ್ತಿಯಲ್ಲಿ ವಿಟ್ಟರ ಹೆಸರು ಮರಳಿತು. ಅದನ್ನು ಅನುಸರಿಸಿದ 1966ರ ಇಂಗ್ಲಿಷ್ ಅನುವಾದದಲ್ಲಿ ಮೂವರೂ ಇದ್ದಾರೆ. ಆದರೆ ಶೀರ್ಷಿಕೆ ‘ಥಿಯರಿ ಆಫ್ ಆಸಿಲೇಟರ್ಸ್’ ಎಂದಾಗಿದೆ. ಮೂಲದಲ್ಲಿ ಆಂದೋಲನವೆಂಬ ಕ್ರಿಯೆಯಿದ್ದರೆ, ಈ ಅನುವಾದದ ಹೆಸರಿನಲ್ಲಿ ಆಂದೋಲನಗೊಳ್ಳುವ ವ್ಯವಸ್ಥೆಯಿದೆ. ಎರಡು ಇಂಗ್ಲಿಷ್ ಹೆಸರುಗಳ ಮೂಲ ಒಂದೇ ಗ್ರಂಥವೆಂಬುದು ಗ್ರಂಥಸೂಚಿಯನ್ನಷ್ಟೇ ನೋಡುವ ಸಂಶೋಧಕನಿಗೆ ಹೊಳೆಯದೆ ಹೋಗಬಹುದು.

ಈ ಗ್ರಂಥದ ಕೇಂದ್ರಪದವಾದ ‘ಅವ್ತೋಕೋಲೆಬಾನಿಯಾ’ವನ್ನು ಆಂದ್ರೊನೊವರೇ 1920ರ ದಶಕದ ಕೊನೆಯಲ್ಲಿ ರೂಢಿಗೆ ತಂದರು. ಗಡಿಯಾರದ ಲೋಲಕ, ಕಮಾನಿನಿಂದ ಮೀಟಿದ ಪಿಟೀಲಿನ ತಂತಿ ಮುಂತಾದ ವ್ಯವಸ್ಥೆಗಳು ಸ್ವತಃ ಆಂದೋಲನವಿಲ್ಲದ ಮೂಲದಿಂದ ಶಕ್ತಿಯನ್ನು ಪಡೆದು, ತಮ್ಮದೇ ಆವೃತ್ತಿಯಲ್ಲಿ, ತಮ್ಮದೇ ಪಾರದಲ್ಲಿ ನಿರಂತರವಾಗಿ ಆಂದೋಲನಗೊಳ್ಳುತ್ತವೆ. ಇವೆಲ್ಲವನ್ನೂ ಒಂದು ವರ್ಗವೆಂದು ಗುರುತಿಸುವುದು ಆ ಪದದ ಉದ್ದೇಶವಾಗಿತ್ತು. ಇಂಗ್ಲಿಷಿನಲ್ಲಿ ಇದಕ್ಕೆ ‘ಸೆಲ್ಫ್ ಆಸಿಲೇಷನ್’, ‘ಸೆಲ್ಫ್ ಎಕ್ಸೈಟೆಡ್ ವೈಬ್ರೇಷನ್’, ‘ಸೆಲ್ಫ್ ಸಸ್ಟೇನ್ಡ್ ಆಸಿಲೇಷನ್’, ‘ಆಟೊ ಆಸಿಲೇಷನ್’ ಎಂಬ ಹಲವು ರೂಪಗಳು ಬಂದಿವೆ. ಇವು ಪರ್ಯಾಯಪದಗಳಂತೆ ತೋರಿದರೂ ಒತ್ತು ಬೇರೆಬೇರೆ. ‘ಎಕ್ಸೈಟೆಡ್’ ಎಂಬುದು ಆಂದೋಲನದ ಹುಟ್ಟನ್ನು ಹೇಳುತ್ತದೆ. ‘ಸಸ್ಟೇನ್ಡ್’ ಎಂಬುದು ಅದರ ಬಾಳಿಕೆಯನ್ನು ಹೇಳುತ್ತದೆ. ತಾನಾಗಿ ಹುಟ್ಟಿ, ಬೆಳೆಯುತ್ತಲೇ ಹೋಗಿ ವಿಮಾನದ ರೆಕ್ಕೆಯನ್ನು ಮುರಿಯುವ ಕಂಪನವನ್ನೂ ಎಂಜಿನಿಯರನು ಮೊದಲ ಹೆಸರಿನಿಂದ ಕರೆದಾನು. ಆಂದ್ರೊನೊವರ ಪದಕ್ಕೆ ಆಧಾರವಾಗಿರುವುದಾದರೋ ಸ್ಥಿರಗೊಂಡ ಪಾರ. ಒಂದು ಪದಕ್ಕೆ ಬದಲಾಗಿ ನಾಲ್ಕು ಪದಗಳು ಬಂದುದರಿಂದ, ಒಂದು ವರ್ಗವನ್ನು ಗುರುತಿಸುವ ಮೂಲದ ಉದ್ದೇಶವೇ ಅನುವಾದದಲ್ಲಿ ಮಸುಕಾಗುತ್ತದೆ.

3. ಅಳತೆಯ ಪದಗಳು

ಶೀರ್ಷಿಕೆಗಳ ವಿಷಯದಲ್ಲಿ ದೋಷವು ಗ್ರಹಿಕೆಗೆ ಮಾತ್ರ ಸಂಬಂಧಿಸಿದ್ದು. ಅಳತೆಯ ಪದಗಳಿಗೆ ಬಂದಾಗ ಅದು ಯಂತ್ರಕ್ಕೇ ತಟ್ಟುತ್ತದೆ.

ಮೊದಲನೆಯದಾಗಿ ‘ಅಂಪ್ಲಿತೂದಾ’ ಮತ್ತು ‘ರಜ್ಮಾಖ್’ ಎಂಬ ಪದಗಳನ್ನು ನೋಡಬಹುದು. ‘ಅಂಪ್ಲಿತೂದಾ’ ಎಂದರೆ ಮಧ್ಯಸ್ಥಿತಿಯಿಂದ ಒಂದು ಕಡೆಗಿನ ಪಾರ. ‘ರಜ್ಮಾಖ್’ ಎಂದರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗಿನ ಪೂರ್ಣ ಹರವು. ಹಕ್ಕಿಯ ಬಿಚ್ಚಿದ ರೆಕ್ಕೆಗಳ ಅಗಲಕ್ಕೂ ರಷ್ಯನ್ನಿನಲ್ಲಿ ಇದೇ ಪದವಿದೆ. ಸೋವಿಯೆತ್ ವಿದ್ಯುತ್ ಕೇಂದ್ರಗಳ ಹಳೆಯ ಬರವಣಿಗೆಯಲ್ಲಿ ಇದನ್ನು ‘ಇಮ್ಮಡಿ ಪಾರ’ ಎಂದೂ ಹೇಳಿರುವುದುಂಟು. ಇಂಗ್ಲಿಷ್ ತಂತ್ರಜ್ಞರ ಆಡುಮಾತಿನಲ್ಲಾದರೋ ‘ಆಂಪ್ಲಿಟ್ಯೂಡ್’ ಎಂಬುದು ಕಂಪನದ ಯಾವುದೇ ಪರಿಮಾಣಕ್ಕೆ ಸಲ್ಲುವ ಸಡಿಲವಾದ ಪದವಾಗಿಬಿಟ್ಟಿದೆ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು. ನಿಮಿಷಕ್ಕೆ 3000 ಸುತ್ತು ತಿರುಗುವ, ಎಂದರೆ 50 ಹರ್ಟ್ಸ್ ಆವೃತ್ತಿಯ ಯಂತ್ರವೊಂದರ ಬೇರಿಂಗು ಶುದ್ಧ ಸರಳ ಆಂದೋಲನದಲ್ಲಿದೆಯೆಂದೂ, ಅದರ ‘ರಜ್ಮಾಖ್’ 40 ಮೈಕ್ರೋಮೀಟರ್ ಎಂದೂ ಇಟ್ಟುಕೊಳ್ಳೋಣ. ಆಗ ಪಾರ 20 ಮೈಕ್ರೋಮೀಟರ್. ಕಂಪನವೇಗದ ಶಿಖರಮೌಲ್ಯ ಸೆಕೆಂಡಿಗೆ 6.28 ಮಿಲಿಮೀಟರ್, ವರ್ಗಗಳ ಸರಾಸರಿಯ ವರ್ಗಮೂಲವಾದ ಪರಿಣಾಮಮೌಲ್ಯ ಸೆಕೆಂಡಿಗೆ 4.44 ಮಿಲಿಮೀಟರ್. ಈ ಪರಿಣಾಮಮೌಲ್ಯಕ್ಕೆ 4.5 ಮಿಲಿಮೀಟರ್ ಎಂಬ ಮಿತಿಯನ್ನು ವಿಧಿಸಿದ್ದರೆ ಯಂತ್ರವು ಅದರೊಳಗೇ ಇದೆ. ಅನುವಾದಕನು ‘ರಜ್ಮಾಖ್’ ಎಂಬುದನ್ನು ‘ಆಂಪ್ಲಿಟ್ಯೂಡ್’ ಎಂದು ಬರೆದರೆ, ಓದುವವನು 40 ಮೈಕ್ರೋಮೀಟರನ್ನೇ ಪಾರವೆಂದು ಗ್ರಹಿಸಿ 8.89 ಮಿಲಿಮೀಟರ್ ಎಂಬ ಉತ್ತರವನ್ನು ಪಡೆಯುತ್ತಾನೆ. ನೆಟ್ಟಗಿರುವ ಯಂತ್ರವನ್ನು ನಿಲ್ಲಿಸುತ್ತಾನೆ. ವಿರುದ್ಧ ದಿಕ್ಕಿನಲ್ಲಿ ಇದೇ ತಪ್ಪು ನಡೆದರೆ ನಿಲ್ಲಿಸಬೇಕಾದ ಯಂತ್ರವನ್ನು ಓಡಿಸುತ್ತಾನೆ. ಎರಡನೆಯದೇ ಹೆಚ್ಚು ಅಪಾಯಕರವೆಂದು ಬೇರೆ ಹೇಳಬೇಕಾಗಿಲ್ಲ.

ಪರಿಣಾಮಮೌಲ್ಯದ ಹೆಸರಿನಲ್ಲಿಯೂ ಒಂದು ಸಿಕ್ಕಿದೆ. ಇಂಗ್ಲಿಷ್ ಪದ ಮೂರು ಕ್ರಿಯೆಗಳನ್ನು ಹೇಳುತ್ತದೆ: ವರ್ಗ, ಸರಾಸರಿ, ಮೂಲ. ರಷ್ಯನ್ ಪದವಾದ ‘ಸ್ರೆದ್ನೆಯೆ ಕ್ವದ್ರತೀಚೆಸ್ಕೊಯೆ’ಯಲ್ಲಿ ಸರಾಸರಿ ಮತ್ತು ವರ್ಗಗಳ ಸೂಚನೆಯಿದೆ, ಮೂಲದ ಸೂಚನೆಯಿಲ್ಲ, ಅದು ಅಧ್ಯಾಹಾರದಿಂದ ಬರತಕ್ಕದ್ದು. ಪದಕ್ಕೆ ಪದವಿಟ್ಟು ‘ಮೀನ್ ಸ್ಕ್ವೇರ್’ ಎಂದು ಅನುವಾದಿಸಿದರೆ ಇಂಗ್ಲಿಷಿನಲ್ಲಿ ಅದು ಬೇರೊಂದು ಪ್ರಮಾಣವಾಗುತ್ತದೆ: 4.5 ಇದ್ದದ್ದು 20.25 ಆಗುತ್ತದೆ, ಏಕಮಾನವೂ ಬದಲಾಗುತ್ತದೆ. ಇದರ ರಷ್ಯನ್ ಮೂರಕ್ಷರದ ಸಂಕ್ಷೇಪವು ಕೊಳವೆಮಾರ್ಗಗಳ ದಾಖಲೆಗಳಲ್ಲಿ ತುಕ್ಕುತಡೆಯುವ ವಿದ್ಯುದ್ರಕ್ಷಣಾ ಠಾಣೆಗೂ ಸಲ್ಲುತ್ತದೆ. ಅನಿಲದ ಕೊಳವೆಮಾರ್ಗದ ಸಂಪೀಡಕ ಕೇಂದ್ರವೊಂದರ ಕಡತದಲ್ಲಿ ಎರಡೂ ಅರ್ಥಗಳು ಒಟ್ಟಿಗೆ ಬರುವ ಸಂಭವವಿದೆ.

ಅಳತೆಯ ರೂಢಿಯೂ ದೇಶದಿಂದ ದೇಶಕ್ಕೆ ಬೇರೆ. ರಷ್ಯನ್ ಪದ್ಧತಿಯಲ್ಲಿ ‘ವಿಬ್ರೊಸ್ಕೊರೊಸ್ತ್’ ಎಂಬ ಸಮಾಸಪದದಿಂದ ಹೇಳುವ ಕಂಪನವೇಗಕ್ಕೆ ಸಾಮಾನ್ಯವಾಗಿ ಪರಿಣಾಮಮೌಲ್ಯವನ್ನು ಕೊಡುತ್ತಾರೆ. ಅಮೆರಿಕದಲ್ಲಿ ಅದನ್ನು ಸೆಕೆಂಡಿಗೆ ಇಷ್ಟು ಇಂಚು ಎಂಬ ಶಿಖರಮೌಲ್ಯದಲ್ಲಿ ಹೇಳುವ ವಾಡಿಕೆ ವ್ಯಾಪಕವಾಗಿದೆ. ಇಂಚನ್ನು ಮಿಲಿಮೀಟರಿಗೆ ಪರಿವರ್ತಿಸಿದ ಮಾತ್ರಕ್ಕೆ ಅನುವಾದ ಪೂರ್ಣವಾಗುವುದಿಲ್ಲ. ಸರಳ ಆಂದೋಲನದಲ್ಲಿ ಶಿಖರಕ್ಕೂ ಪರಿಣಾಮಮೌಲ್ಯಕ್ಕೂ ಇರುವ 1.41ರಷ್ಟು ಅಂತರ ಹಾಗೆಯೇ ಉಳಿದಿರುತ್ತದೆ.

ಆವೃತ್ತಿಯ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. ರಷ್ಯನ್ ಭೌತಶಾಸ್ತ್ರದಲ್ಲಿ ‘ತ್ಸಿಕ್ಲೀಚೆಸ್ಕಾಯಾ ಚಸ್ತೊತಾ’ ಎಂದರೆ ರೇಡಿಯನ್ನುಗಳಲ್ಲಿ ಅಳೆಯುವ ಕೋನೀಯ ಆವೃತ್ತಿ. ಗ್ರೀಕ್ ಅಕ್ಷರ ಒಮೇಗದಿಂದ ಸೂಚಿಸುವುದು ಇದನ್ನೇ. ಇಂಗ್ಲಿಷಿನಲ್ಲಿ ‘ಸೈಕ್ಲಿಕ್ ಫ್ರೀಕ್ವೆನ್ಸಿ’ ಎಂದರೆ ಸೆಕೆಂಡಿಗೆ ಇಷ್ಟು ಆವರ್ತನಗಳು ಎಂಬ ಸಾಮಾನ್ಯ ಆವೃತ್ತಿ. ಎರಡೂ ಪದಗಳ ಮೂಲ ಒಂದೇ ಗ್ರೀಕ್ ಶಬ್ದ, ರೂಪವೂ ಒಂದೇ; ಅರ್ಥದ ನಡುವೆ ಮಾತ್ರ ಪೈಯ ಎರಡರಷ್ಟು, ಎಂದರೆ 6.28ರಷ್ಟು ಅಂತರವಿದೆ. ಮೇಲಿನ ಯಂತ್ರದ 50 ಹರ್ಟ್ಸ್ ರಷ್ಯನ್ ಪದದ ಪ್ರಕಾರ ಸೆಕೆಂಡಿಗೆ 314 ರೇಡಿಯನ್ ಆಗುತ್ತದೆ. ಏಕಮಾನವನ್ನು ಬರೆದಿಲ್ಲದ ಕೋಷ್ಟಕದಲ್ಲಿ ಈ ಸಂಖ್ಯೆಯನ್ನು 314 ಹರ್ಟ್ಸ್ ಎಂದು ಓದುವ ಸಂಭವವನ್ನು ಊಹಿಸಬಹುದು. ಅಪರಿಚಿತ ಪದವನ್ನು ಕಂಡ ಅನುವಾದಕ ಕೋಶವನ್ನು ತೆರೆಯುತ್ತಾನೆ. ಪರಿಚಿತವಾಗಿ ತೋರುವ ಪದವನ್ನು ಕಂಡಾಗ ತೆರೆಯುವುದಿಲ್ಲ. ಅಂತಾರಾಷ್ಟ್ರೀಯವಾಗಿ ಕಾಣುವ ಪದಗಳೇ ಹೆಚ್ಚು ವಂಚಕವಾಗಿರುವುದಕ್ಕೆ ಇದೇ ಕಾರಣ.

4. ಒಂದು ಹಲವಾಗುವುದು, ಹಲವು ಒಂದಾಗುವುದು

ಇಂಗ್ಲಿಷಿನ ಒಂದು ಪದಕ್ಕೆ ರಷ್ಯನ್ನಿನಲ್ಲಿ ಎರಡು ಮೂರು ಪದಗಳಿರುವ ಉದಾಹರಣೆಗಳು ಹಲವಾರಿವೆ. ‘ಡ್ಯಾಂಪಿಂಗ್’ ಎಂಬುದು ಶಕ್ತಿಯನ್ನು ಹೀರಿ ಕಂಪನವನ್ನು ತಗ್ಗಿಸುವ ಕಾರಣವನ್ನೂ, ಕಂಪನ ತಗ್ಗುತ್ತ ಹೋಗುವ ಪರಿಣಾಮವನ್ನೂ ಹೇಳುತ್ತದೆ. ರಷ್ಯನ್ನಿನಲ್ಲಿ ಕಾರಣಕ್ಕೆ ‘ದೆಂಪ್ಫಿರೊವಾನಿಯೆ’ ಎಂಬ ಎರವಲು ಪದವೂ, ಪರಿಣಾಮಕ್ಕೆ ದೀಪ ನಂದುವುದನ್ನು ಹೇಳುವ ಧಾತುವಿನಿಂದ ಬಂದ ‘ಜತುಖಾನಿಯೆ’ ಎಂಬ ದೇಶೀಯ ಪದವೂ ಇವೆ. ಒಂದನ್ನು ಎಂಜಿನಿಯರನು ಮಾಡುತ್ತಾನೆ, ಇನ್ನೊಂದು ತಾನಾಗಿ ಆಗುತ್ತದೆ.

‘ಅನ್‌ಬ್ಯಾಲೆನ್ಸ್’ ಎಂಬುದರ ಗತಿಯೂ ಇದೇ. ತಿರುಗುವ ಗಾಲಿಯ ದ್ರವ್ಯರಾಶಿ ಸಮನಾಗಿ ಹಂಚಿಲ್ಲದ ಸ್ಥಿತಿಗೆ ರಷ್ಯನ್ನಿನಲ್ಲಿ ‘ನೆಉರಾವ್ನೊವೆಶೆನ್ನೊಸ್ತ್’ ಎಂಬ ಪದವಿದೆ. ಆ ಸ್ಥಿತಿಯನ್ನು ಅಳೆಯುವ, ಗ್ರಾಂ-ಮಿಲಿಮೀಟರುಗಳಲ್ಲಿ ಹೇಳುವ, ದಿಕ್ಕನ್ನೂ ಒಳಗೊಂಡ ಪ್ರಮಾಣಕ್ಕೆ ‘ದಿಸ್ಬಲಾನ್ಸ್’ ಎಂಬ ಪದವಿದೆ. ಗೋಸ್ತ್ 19534-74 ಈ ಎರಡನ್ನೂ ಬೇರೆಬೇರೆಯಾಗಿ ವ್ಯಾಖ್ಯಾನಿಸಿತು. ಜ್ವರವೆಂಬ ಸ್ಥಿತಿಗೂ ಉಷ್ಣಮಾಪಕದ ಅಂಕೆಗೂ ಇರುವ ವ್ಯತ್ಯಾಸದಂತಹುದೇ ಇದು. ಹಾಗೆಯೇ ಇಂಗ್ಲಿಷಿನ ‘ಮೋಡ್’ ಎಂಬುದು, ಯಂತ್ರ ನಡೆಯುವ ರೀತಿಯನ್ನು ಹೇಳಿದರೆ ‘ರೆಝೀಮ್’ ಎಂದೂ, ಕಂಪಿಸುವ ವಸ್ತು ತಳೆಯುವ ಆಕೃತಿಯನ್ನು ಹೇಳಿದರೆ ‘ಫೋರ್ಮಾ’ ಎಂದೂ, ಆಂದೋಲನದ ಬಗೆಯನ್ನು ಹೇಳಿದರೆ ‘ಮೋದಾ’ ಎಂದೂ ಕವಲೊಡೆಯುತ್ತದೆ.

ವಿರುದ್ಧ ದಿಕ್ಕಿನಲ್ಲಿ, ರಷ್ಯನ್ನಿನ ‘ಉದಾರ್’ ಎಂಬ ಒಂದೇ ಪದ ಇಂಗ್ಲಿಷಿನಲ್ಲಿ ಸಂದರ್ಭಾನುಸಾರ ‘ಷಾಕ್’, ‘ಇಂಪ್ಯಾಕ್ಟ್’, ‘ಬ್ಲೋ’ ಆಗುತ್ತದೆ. ‘ಸ್ಕೊರೊಸ್ತ್’ ಎಂಬುದು ದಿಕ್ಕಿಲ್ಲದ ಮತ್ತು ದಿಕ್ಕುಳ್ಳ ವೇಗಗಳೆರಡಕ್ಕೂ ಸಲ್ಲುತ್ತದೆ. ಇಂಗ್ಲಿಷಿನಂತೆಯೇ ನಮ್ಮ ಪಠ್ಯಪುಸ್ತಕಗಳೂ ಇವುಗಳನ್ನು ‘ಜವ’ ಮತ್ತು ‘ವೇಗ’ ಎಂದು ಬೇರ್ಪಡಿಸುತ್ತವೆ.

ವಚನದ ವ್ಯತ್ಯಾಸವೇ ಅರ್ಥವನ್ನು ಬದಲಿಸುವ ಉದಾಹರಣೆಯೂ ಉಂಟು. ‘ಬಿಯೆನಿಯೆ’ ಎಂಬ ಏಕವಚನಕ್ಕೆ ಯಂತ್ರಶಾಸ್ತ್ರದಲ್ಲಿ, ತಿರುಗುವ ಷಾಫ್ಟಿನ ಮೇಲ್ಮೈ ತನ್ನ ಅಕ್ಷದಿಂದ ಓರೆಯಾಗಿ ಹೊರಳುವ ಅಳತೆ ಎಂಬ ಅರ್ಥವಿದೆ. ಇದು ರಚನೆಯ ದೋಷ. ‘ಬಿಯೆನಿಯಾ’ ಎಂಬ ಬಹುವಚನಕ್ಕೆ, ಸನಿಹದ ಎರಡು ಆವೃತ್ತಿಗಳು ಕೂಡಿದಾಗ ಕಂಪನವು ಒಮ್ಮೆ ಉಬ್ಬಿ ಒಮ್ಮೆ ತಗ್ಗುವುದು ಎಂಬ ಅರ್ಥವಿದೆ. ಇದು ಭೌತಿಕ ವಿದ್ಯಮಾನ. ಇವೆರಡನ್ನು ಗೊಂದಲಗೊಳಿಸಿದರೆ ದುರಸ್ತಿಯ ಮಾರ್ಗವೇ ಬದಲಾಗುತ್ತದೆ.

ಸಾಮಾನ್ಯವಾಗಿ ಕಾಣುವ ಪದಪುಂಜಗಳೂ ಕ್ಷೇತ್ರವಿಶೇಷದಲ್ಲಿ ನಿರ್ದಿಷ್ಟ ಅರ್ಥವನ್ನು ಪಡೆಯುತ್ತವೆ. ಉಗಿ ಟರ್ಬೈನುಗಳ ರಷ್ಯನ್ ದಾಖಲೆಗಳಲ್ಲಿ ‘ಕಡಿಮೆ ಆವೃತ್ತಿಯ ಕಂಪನ’ ಎಂದಾಗ, ಷಾಫ್ಟಿನ ಸುತ್ತುವಿಕೆಯ ಆವೃತ್ತಿಗಿಂತ ಕೆಳಗಿನ, ಹಲವು ವೇಳೆ ಅದರ ಸುಮಾರು ಅರ್ಧದಷ್ಟಿರುವ, ಬೇರಿಂಗಿನ ಎಣ್ಣೆಯ ಪದರದಿಂದ ಹುಟ್ಟಬಲ್ಲ ಅಪಾಯಕರ ಕಂಪನವೆಂದು ತಜ್ಞನು ಗ್ರಹಿಸುತ್ತಾನೆ. ಪದಶಃ ಅನುವಾದವನ್ನು ಓದಿದ ಇಂಗ್ಲಿಷ್ ಓದುಗನಿಗೆ ಅದು ನಿಧಾನವಾದ ಯಾವುದೋ ಕಂಪನವೆಂದಷ್ಟೇ ತಿಳಿಯುತ್ತದೆ. ಇಲ್ಲಿ ಪ್ರತಿಯೊಂದು ಪದವೂ ಸರಿಯಾಗಿದ್ದು ಒಟ್ಟು ಎಚ್ಚರಿಕೆ ಮಾತ್ರ ಕಾಣೆಯಾಗಿದೆ.

5. ಪದಕ್ಕಿಂತ ಪರಿಕಲ್ಪನೆ ಮೊದಲು

ಇಂತಹ ಸಮಸ್ಯೆಗಳನ್ನು ಶಾಸ್ತ್ರೀಯವಾಗಿ ಎದುರಿಸುವ ಪ್ರಯತ್ನ ರಷ್ಯಾದಲ್ಲಿ ಬಹು ಹಿಂದೆಯೇ ನಡೆಯಿತು. ಎಂಜಿನಿಯರರಾಗಿದ್ದ ಡಿ. ಎಸ್. ಲೊತ್ತೆ ಮತ್ತು ವಿಜ್ಞಾನಿ ಚಪ್ಲೀಗಿನ್ ಅವರ ಶ್ರಮದಿಂದ 1933ರಲ್ಲಿ ಸೋವಿಯೆತ್ ವಿಜ್ಞಾನ ಅಕಾಡೆಮಿಯಲ್ಲಿ ತಾಂತ್ರಿಕ ಪರಿಭಾಷೆಯ ಆಯೋಗವೊಂದು ಸ್ಥಾಪನೆಗೊಂಡಿತು. ಪಾರಿಭಾಷಿಕ ಪದವನ್ನು ಬಿಡಿಯಾಗಿ ನಿರ್ಣಯಿಸಲಾಗದು; ಮೊದಲು ಆ ಶಾಸ್ತ್ರದ ಪರಿಕಲ್ಪನೆಗಳನ್ನು ವರ್ಗೀಕರಿಸಿ, ಒಂದೊಂದಕ್ಕೂ ವ್ಯಾಖ್ಯೆ ಕೊಟ್ಟು, ಅನಂತರ ಒಂದು ಪರಿಕಲ್ಪನೆಗೆ ಒಂದೇ ಪದವೆಂಬಂತೆ ಹೆಸರನ್ನು ಇಡತಕ್ಕದ್ದು ಎಂಬುದು ಲೊತ್ತೆಯವರ ಪಂಥದ ಮುಖ್ಯ ತತ್ತ್ವ. ಗೋಸ್ತ್ ಪರಿಭಾಷಾ ಮಾನಕಗಳ ವಿನ್ಯಾಸವು ಈ ತತ್ತ್ವವನ್ನು ಅನುಸರಿಸಿದೆ. ಅವುಗಳಲ್ಲಿ ಪದಗಳು ಮೊದಲು ಪರಿಕಲ್ಪನೆಗಳ ಕ್ರಮದಲ್ಲಿ ಬರುತ್ತವೆ, ಅಕಾರಾದಿ ಸೂಚಿ ಕೊನೆಯಲ್ಲಿರುತ್ತದೆ. ಬಳಸತಕ್ಕ ಪದದ ಕೆಳಗೆ ಬಳಸಬಾರದ ಪದವನ್ನೂ, ಅದು ಅಸ್ವೀಕಾರ್ಯವೆಂಬ ಗುರುತಿನೊಂದಿಗೆ, ಕೊಡುವುದುಂಟು. ಯಾವ ಪದವನ್ನು ಬಳಸಕೂಡದೆಂದು ಹೇಳುವ ಕೋಶವು ಅನುವಾದಕನಿಗೆ ದೊಡ್ಡ ಉಪಕಾರಿಯಾಗುತ್ತದೆ.

ಐಎಸ್‌ಒ 2041 ಮೊದಲು 1975ರಲ್ಲಿ ಪ್ರಕಟವಾಗಿ, ಮುಂದೆ 1990, 2009 ಮತ್ತು 2018ರಲ್ಲಿ ಪರಿಷ್ಕೃತಗೊಂಡಿತು. ರಷ್ಯಾ ಅದರ ಪಾಠವನ್ನು ಆಧರಿಸಿ 2012ರ ಸಂಖ್ಯೆಯುಳ್ಳ ತನ್ನ ಮಾನಕವನ್ನು ಹೊರತಂದಿತು. ಇದರಿಂದ ಎರಡು ಭಾಷೆಗಳ ಅಂತರ ಕಿರಿದಾಗಿದೆಯಾದರೂ ಅಳಿದಿಲ್ಲ. ಹಳೆಯ ಯಂತ್ರಗಳು ಹಳೆಯ ಕೈಪಿಡಿಗಳೊಂದಿಗೇ ಓಡುತ್ತವೆ. ಅನುವಾದಕನು ತನ್ನೆದುರಿನ ಪಠ್ಯ ಯಾವ ಕಾಲದ್ದು, ಯಾವ ಮಾನಕಕ್ಕೆ ಬದ್ಧವಾದುದು ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ. ಗ್ರಂಥಸಂಪಾದನೆಯಲ್ಲಿ ಪ್ರತಿಯ ಕಾಲನಿರ್ಣಯಕ್ಕೆ ಇರುವ ಮಹತ್ತ್ವವೇ ಇಲ್ಲಿಯೂ ಇದಕ್ಕಿದೆ.

6. ಕನ್ನಡಕ್ಕೆ ಇದರಿಂದ ಒದಗುವ ಪಾಠ

ನಮ್ಮ ಪಾರಿಭಾಷಿಕ ಕೋಶಗಳ ಸಾಮಾನ್ಯ ವಿನ್ಯಾಸ ಎಲ್ಲರಿಗೂ ತಿಳಿದಿದೆ: ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಪದ. ಈ ವಿನ್ಯಾಸದಲ್ಲಿ ಇಂಗ್ಲಿಷ್ ಭಾಷೆ ಮಾಡಿಕೊಂಡಿರುವ ವಿಭಾಗಗಳೇ ವಸ್ತುಸ್ಥಿತಿಯ ವಿಭಾಗಗಳೆಂಬ ಗ್ರಹಿಕೆ ಮೌನವಾಗಿ ಸೇರಿಕೊಂಡಿದೆ. ಇಂಗ್ಲಿಷಿನಲ್ಲಿ ಒಂದೇ ಪದವಿದ್ದರೆ ಕನ್ನಡದಲ್ಲಿಯೂ ಒಂದೇ ಪದ ಹುಟ್ಟುತ್ತದೆ. ಅಲ್ಲಿ ಎರಡಿದ್ದರೆ ಇಲ್ಲಿಯೂ ಎರಡು. ರಷ್ಯನ್ನಿನ ಉದಾಹರಣೆಯು ಈ ಗ್ರಹಿಕೆಯನ್ನು ಅಲುಗಿಸುತ್ತದೆ. ಇಂಗ್ಲಿಷಿನಷ್ಟೇ ಸಮರ್ಥವಾದ ಇನ್ನೊಂದು ಶಾಸ್ತ್ರಭಾಷೆ ಅದೇ ವಸ್ತುವನ್ನು ಬೇರೆ ರೀತಿಯಲ್ಲಿ ಕತ್ತರಿಸಿ ಹಂಚಿಕೊಂಡಿದೆ ಎಂಬುದನ್ನು ಕಂಡ ಮೇಲೆ, ಯಾವ ವಿಭಾಗ ನಮಗೆ ಉಪಯುಕ್ತವೆಂದು ನಾವೇ ಯೋಚಿಸಬೇಕಾಗುತ್ತದೆ.

ಒಂದು ಸಣ್ಣ ನಿದರ್ಶನ. ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ಲೋಹ ಮತ್ತು ನೀರು ಎರಡೂ ‘ಗಡಸು’ ಆಗಬಲ್ಲವು. ರಷ್ಯನ್ನಿನಲ್ಲಿ ನೀರಿನ ಗಡಸುತನಕ್ಕೆ ಇರುವ ಪದವು ಲೋಹದ ಗಡಸುತನಕ್ಕೆ ಸಲ್ಲದೆ, ಸ್ಪ್ರಿಂಗು ಬಾಗದೆ ನಿಲ್ಲುವ ಗುಣಕ್ಕೆ ಸಲ್ಲುತ್ತದೆ. ಇವುಗಳಲ್ಲಿ ಯಾವುದೂ ಸಹಜವಲ್ಲ, ಯಾವುದೂ ಅಸಹಜವಲ್ಲ.

ಕಂಪನಶಾಸ್ತ್ರದ ಮಟ್ಟಿಗೆ ಕನ್ನಡದಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ಕಂಪನ, ಆಂದೋಲನ, ಸ್ಪಂದನ, ಅನುರಣನ, ಲೋಲಕ ಮುಂತಾದ ಸಂಸ್ಕೃತ ಮೂಲದ ಪದಗಳೂ, ನಡುಕ, ತೂಗಾಟ, ಹೊಯ್ದಾಟ, ಅದುರು, ಏರಿಳಿತ ಮುಂತಾದ ದೇಶ್ಯ ಪದಗಳೂ ಇವೆ. ಕೊರತೆಯಿರುವುದು ಅವುಗಳ ನಡುವಣ ಗಡಿಗಳನ್ನು ಗೊತ್ತುಪಡಿಸುವುದರಲ್ಲಿ. ‘ಆಂದೋಲನ’ವು ದಿನಪತ್ರಿಕೆಗಳಲ್ಲಿ ಜನರ ಚಳವಳಿಯಾಗಿರುವುದೂ, ‘ಆವೃತ್ತಿ’ಯು ಗ್ರಂಥದ ಮುದ್ರಣವನ್ನು ಸೂಚಿಸುವುದೂ ದೋಷವಲ್ಲ, ‘ಕೋಲೆಬಾನಿಯೆ’ ಮನಸ್ಸಿನ ಸಂಶಯವನ್ನು ಸೂಚಿಸುತ್ತಲೇ ಒಂದು ಮಹಾಶಾಸ್ತ್ರದ ಹೆಸರಾಗಿದೆ. ಅನ್ಯಾರ್ಥವಿರುವುದು ಪದವನ್ನು ಶಾಸ್ತ್ರಕ್ಕೆ ಅನರ್ಹಗೊಳಿಸುವುದಿಲ್ಲ; ಶಾಸ್ತ್ರದೊಳಗೆ ವ್ಯಾಖ್ಯೆಯಿಲ್ಲದಿರುವುದು ಅನರ್ಹಗೊಳಿಸುತ್ತದೆ.

ಈ ಹಿನ್ನೆಲೆಯಲ್ಲಿ ಪರಿಭಾಷಾಕಾರರು ಮೂರು ನಿಯಮಗಳನ್ನು ಪಾಲಿಸುವುದು ಯುಕ್ತವೆಂದು ತೋರುತ್ತದೆ. ಮೊದಲನೆಯದು, ಪದದ ಎದುರು ಪದವನ್ನಿಡುವ ಮುನ್ನ ವ್ಯಾಖ್ಯೆಯನ್ನು ಬರೆಯುವುದು. ಎರಡನೆಯದು, ಅಳತೆಯ ಪದಗಳಿಗೆ ಏಕಮಾನವನ್ನೂ, ಅದು ಪಾರವೋ ಹರವೋ ಪರಿಣಾಮಮೌಲ್ಯವೋ ಎಂಬುದನ್ನೂ ತಪ್ಪದೆ ನಮೂದಿಸುವುದು. ಮೂರನೆಯದು, ಒಂದು ಪದದ ಜೊತೆಯಲ್ಲಿಯೇ ಅದರ ನೆರೆಯ ಪದಗಳನ್ನೂ, ಅದರ ಬದಲಿಗೆ ಬಳಸಬಾರದ ಪದಗಳನ್ನೂ ಕೊಡುವುದು. ‘ಡ್ಯಾಂಪಿಂಗ್’ ಎಂಬುದಕ್ಕೆ ಕನ್ನಡದಲ್ಲಿ ‘ತಗ್ಗಿಸುವಿಕೆ’ ಮತ್ತು ‘ತಗ್ಗುವಿಕೆ’ ಎಂದು ಎರಡು ರೂಪಗಳನ್ನು ಮಾಡಿಕೊಂಡರೆ, ಪ್ರೇರಣಾರ್ಥಕ ಪ್ರತ್ಯಯವೊಂದರಿಂದಲೇ ಕಾರಣ ಮತ್ತು ಪರಿಣಾಮಗಳ ಭೇದ ತಾನಾಗಿ ಸ್ಪಷ್ಟವಾಗುತ್ತದೆ. ರಷ್ಯನ್ ಒಂದು ಎರವಲು ಪದವನ್ನು ತಂದು ಸಾಧಿಸಿದ ಭೇದವನ್ನು, ಇಂಗ್ಲಿಷ್ ಸಾಧಿಸದೆ ಬಿಟ್ಟ ಭೇದವನ್ನು, ಕನ್ನಡವು ತನ್ನ ವ್ಯಾಕರಣದಿಂದಲೇ ಸಾಧಿಸಬಲ್ಲದು.

ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿರುವ ಕನ್ನಡ ಸಂಶೋಧಕರಿಗೆ ಈ ಕಾರ್ಯದಲ್ಲಿ ವಿಶೇಷವಾದ ಅನುಕೂಲವಿದೆ. ರಷ್ಯನ್, ಜರ್ಮನ್, ಜಪಾನಿ ಮೊದಲಾದ ಭಾಷೆಗಳ ವಿಭಾಗಗಳು ಅನೇಕ ವೇಳೆ ಅದೇ ಆವರಣದಲ್ಲಿರುತ್ತವೆ. ತಮಿಳು, ಮರಾಠಿ, ತೆಲುಗು, ಹಿಂದಿ ಭಾಷೆಗಳು ಇದೇ ಪದಗಳನ್ನು ಹೇಗೆ ಬಗೆಹರಿಸಿಕೊಂಡಿವೆ ಎಂಬುದನ್ನು ನೆರೆಯವರಿಂದಲೇ ಕೇಳಿ ತಿಳಿಯಬಹುದು. ಇಂಗ್ಲಿಷ್ ಒಂದನ್ನೇ ಅಳತೆಗೋಲಾಗಿ ಹಿಡಿಯದೆ, ಎರಡು ಮೂರು ಭಾಷೆಗಳ ವಿಭಾಗಗಳನ್ನು ಹೋಲಿಸಿ ಕನ್ನಡದ ಪದವನ್ನು ನಿಶ್ಚಯಿಸುವ ಕೆಲಸಕ್ಕೆ ಕಂಪನದಂತಹ ಸೀಮಿತ ಕ್ಷೇತ್ರವೊಂದು ಒಳ್ಳೆಯ ಆರಂಭವಾದೀತು. ನೂರಿನ್ನೂರು ಪರಿಕಲ್ಪನೆಗಳ ಕೋಶವೊಂದು ಈ ರೀತಿಯಲ್ಲಿ ಸಿದ್ಧವಾದರೆ, ಅದು ಎಂಜಿನಿಯರನಿಗೂ ಭಾಷಾಶಾಸ್ತ್ರಜ್ಞನಿಗೂ ಸಮನಾಗಿ ಉಪಯೋಗಕ್ಕೆ ಬರುವುದರಲ್ಲಿ ಸಂದೇಹವಿಲ್ಲ.